ಮಗ ಅಡ್ಡಹೆಸರು ಬೇಡವೆಂದ ದಿನ

ಮಕ್ಕಳು ಎಸ್ಸೆಸ್ಸೆಲ್ಸಿ ಹೊಸ್ತಿಲಿಗೆ ಬಂದಾಗ ಶಾಲೆಯಿಂದ ಮನೆಗೊಂದು ಚೀಟಿ ಬರುತ್ತದೆ. ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು, ಹುಟ್ಟಿದ ತಾರೀಖು ನೋಡಿ ಸಹಿ ಮಾಡಿಕೊಡಬೇಕು. ಮುಂದೆ ಪಿಯುಸಿಗೆ, ಪಾಸ್‌ಪೋರ್ಟಿಗೆ, ನೌಕರಿಗೆ ಎಲ್ಲದಕ್ಕೂ ಅದೇ ಹೆಸರು. ಆಮೇಲೆ ತಿದ್ದಿಸಲು ಹೋದರೆ ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಕಚೇರಿಗಳಿಗೆ ಅಲೆದಾಟ. ನಮ್ಮ ಮನೆಗೆ ಆ ಚೀಟಿ ಬಂದ ದಿನ ಮಗ ಹೇಳಿದ: "ಅಪ್ಪಾ, ನನ್ನ ಹೆಸರಿನ್ಯಾಗ ಹಡಪದ ಅನ್ನೂದು ಬ್ಯಾಡ. ಊರ ಹೆಸರು ಹಾಕ್ಸು." ಹಡಪದ ಎಂದರೆ ಕ್ಷೌರ ಮಾಡುವ ನಮ್ಮ ಸಮುದಾಯದ ಅಡ್ಡಹೆಸರು.

ಯಾಕೆ ಎಂದು ಕೇಳಿದರೆ ಬಹಳ ಹೊತ್ತು ಬಾಯಿಬಿಡಲಿಲ್ಲ. ಅವರವ್ವ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ ಮೇಲೆ ಸಂಗತಿ ಹೊರಬಂತು. ಕೂದಲು ಬೆಳೆಸಿಕೊಂಡು ಬಂದಿದ್ದ ಹುಡುಗರನ್ನು ಸಾಲಾಗಿ ನಿಲ್ಲಿಸಿ ಮಾಸ್ತರರೊಬ್ಬರು, "ಏ ಹಡಪದ, ನಾಳಿ ಕತ್ತರಿ ತಗೊಂಡ್ ಬಾ, ಇವರದೆಲ್ಲಾ ನೀನ ಮಾಡಿ ಮುಗಸು" ಅಂದಿದ್ದರಂತೆ. ಇಡೀ ತರಗತಿ ನಕ್ಕಿತ್ತಂತೆ. ಅಂದಿನಿಂದ ಕೆಲ ಹುಡುಗರು ಇವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು.

ನನ್ನ ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಊರಿನ ತಲೆಗಳನ್ನೆಲ್ಲ ತಮ್ಮ ಕೈಯಲ್ಲಿ ಹಿಡಿದವರು ಅವರು. ಅವರ ಹಡಪ, ಅಂದರೆ ಕ್ಷೌರದ ಸಾಮಾನಿನ ಚೀಲ, ಇವತ್ತಿಗೂ ನಮ್ಮ ಜಗಲಿಯ ಮೇಲಿದೆ. ಅದರೊಳಗೆ ಸವೆದ ಸಾಣೆಕಲ್ಲು, ಎರಡು ಕ್ಷೌರದ ಕತ್ತಿ, ಕತ್ತಿ ತೀಡುವ ಚರ್ಮದ ಪಟ್ಟಿ, ಅಂಚು ನಗ್ಗಿದ ಹಿತ್ತಾಳೆಯ ಬಟ್ಟಲು. ಪ್ರತಿ ಅಮಾವಾಸ್ಯೆಗೆ ಅಪ್ಪ ಕೊಬ್ಬರಿ ಎಣ್ಣೆ ಸವರಿ ಒರೆಸಿ ಇಡುತ್ತಾರೆ. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಿದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುತ್ತಿದ್ದರು. ಕೊಡುವವರ ಮನಸ್ಸು ಬಂದಷ್ಟು ಜೋಳ. ಕ್ಷೌರ ಮಾಡಿಸಿಕೊಂಡವರು ತಲೆಗೆ ನೀರು ಹಾಕಿಕೊಳ್ಳುವ ತನಕ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಮಾಡಿದವನಿಗಂತೂ ಹಿತ್ತಲೇ ಬಾಗಿಲು. ಆ ಆಯದ ಜೋಳದಲ್ಲೇ ನಾನು ಓದಿ ಬ್ಯಾಂಕಿನ ನೌಕರಿ ಹಿಡಿದದ್ದು.

"ಅಪ್ಪಣ್ಣ ಶರಣ್ರು ಬಸವಣ್ಣನ ಮಗ್ಗಲದಾಗ ಕುಂತವ್ರು. ಅವರ ಹೆಸರ ಹೇಳಾಕ ನಿನಗ್ಯಾಕ ನಾಚ್ಕಿ?" ಎಂದರು ಅಪ್ಪ. ವರ್ಷಕ್ಕೊಮ್ಮೆ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಅಪ್ಪಣ್ಣನವರ ಮಠವಿರುವ ತಂಗಡಗಿಗೆ ಹೋಗಿ ಕೃಷ್ಣೆಯಲ್ಲಿ ಮಿಂದು ಬರುವ ಜೀವ ಅದು. ಅವರ ಮಾತೂ ಖರೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ: ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಕಾಯಕವನ್ನೇ ಹೆಸರಿನ ಮುಂದಿಟ್ಟುಕೊಂಡು ತಲೆಯೆತ್ತಿ ನಡೆದವರು ಇವರು.

ಮಗ ಮುತ್ಯಾನ ಮುಖ ನೋಡಿ ಅಂದ: "ಮುತ್ಯಾ, ಅದೆಲ್ಲಾ ಆ ಮಾಸ್ತರಿಗೂ ಗೊತ್ತೈತಿ. ವಚನ ಕಲಸೋರೂ ಅವರ."

ಅಪ್ಪ ಮುಂದೆ ಮಾತಾಡಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಕಡೆ ಕುಲಕರ್ಣಿ, ಪಾಟೀಲ, ದೇಸಾಯಿ, ಬಡಿಗೇರ, ಕುಂಬಾರ, ತಳವಾರ ಎಲ್ಲವೂ ಹಳ್ಳಿಯ ಒಂದೊಂದು ಕೆಲಸದಿಂದ, ಹುದ್ದೆಯಿಂದ ಬಂದ ಹೆಸರುಗಳೇ. ವಂಶಪಾರಂಪರ್ಯದ ಗೌಡಿಕೆ, ಶಾನುಭೋಗಿಕೆಗಳನ್ನು ನಮ್ಮ ರಾಜ್ಯ 1961ರ ಕಾಯ್ದೆಯಿಂದ ರದ್ದು ಮಾಡಿತು. ಇಂದಿನ ಯಾವ ಕುಲಕರ್ಣಿಯೂ ಊರ ಲೆಕ್ಕ ಬರೆಯುವುದಿಲ್ಲ, ನನ್ನ ಮಗ ಕತ್ತರಿ ಹಿಡಿದವನಲ್ಲ. ಆದರೂ ಹಾಜರಿ ಕೂಗುವಾಗ ಒಂದು ಹೆಸರಿಗೆ ತೂಕ ಬರುತ್ತದೆ, ಇನ್ನೊಂದಕ್ಕೆ ನಗೆ ಬರುತ್ತದೆ. ತೂಕದ ಹೆಸರಿನವರಿಗೆ ಅದನ್ನು ತೆಗೆಸುವ ಯೋಚನೆಯೇ ಬರುವುದಿಲ್ಲ. ಬರಬೇಕಾದ ಪ್ರಸಂಗವೇ ಅವರಿಗಿಲ್ಲ. ಇದು ಅನ್ಯಾಯ, ಇದಕ್ಕೆ ಬೇರೆ ಮಾತಿಲ್ಲ.

ಹೆಸರು ತೆಗೆದರೆ ಜಾತಿ ಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನೋಡಿದ್ದೇನೆ, ಅಲ್ಲಿ ಬಹಳ ಜನರಿಗೆ ಅಡ್ಡಹೆಸರೇ ಇಲ್ಲ, ಬರೀ ಇನಿಶಿಯಲ್. ಹಡಪದ ಎಂದರೆ ಏನೆಂದೂ ಅನೇಕರಿಗೆ ಗೊತ್ತಿರಲಿಲ್ಲ. ಆದರೆ ಬಾಡಿಗೆ ಮನೆ ಕೇಳಲು ಹೋದಾಗ "ನಿಮ್ಮ ಮನೆದೇವರು ಯಾವುದು?", "ನೀವು ವೆಜ್ಜಾ?" ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿದ್ದರು. ತಮಿಳುನಾಡಿನಲ್ಲಿ ಪೆರಿಯಾರರ ಸ್ವಾಭಿಮಾನ ಚಳವಳಿ 1929ರ ಚೆಂಗಲ್ಪಟ್ಟು ಸಮ್ಮೇಳನದಲ್ಲೇ ಹೆಸರಿನ ಜಾತಿಬಾಲ ಕತ್ತರಿಸಲು ಕರೆ ಕೊಟ್ಟಿತು. ಇಂದು ಅಲ್ಲಿ ಜಾತಿ ಹೆಸರು ಹಚ್ಚಿಕೊಳ್ಳುವವರು ಕಡಿಮೆ. ಅದು ಸಣ್ಣ ಸಾಧನೆಯಲ್ಲ. ಆದರೆ ಅದೇ ನಾಡಿನ ಉಡುಮಲೈಪೇಟೆಯಲ್ಲಿ 2016ರಲ್ಲಿ ಜಾತಿ ಮೀರಿ ಮದುವೆಯಾದ ದಲಿತ ಯುವಕನನ್ನು ಹಾಡಹಗಲೇ, ನಡುಬೀದಿಯಲ್ಲಿ ಕಡಿದರು.

ಇಷ್ಟೆಲ್ಲ ಗೊತ್ತಿದ್ದೂ ಮಗನಿಗೆ ಇಲ್ಲವೆನ್ನಲು ನನಗೆ ಮನಸ್ಸಾಗಲಿಲ್ಲ. ನನ್ನ ಅಭಿಮಾನವನ್ನು ಅವನ ಎಳೆ ಹೆಗಲ ಮೇಲೆ ಹೇರುವ ಹಕ್ಕು ನನಗೆಲ್ಲಿದೆ? ದಿಲ್ಲಿಯ ಇಬ್ಬರು ಅಣ್ಣತಮ್ಮಂದಿರ ತಂದೆ, ಚಮ್ಮಾರಿಕೆಯನ್ನು ಸೂಚಿಸುವ ಮೋಚಿ ಎಂಬ ಅಡ್ಡಹೆಸರನ್ನು ನಾಯಕ್ ಎಂದು ಬದಲಿಸಿಕೊಂಡಿದ್ದರು. ಮಕ್ಕಳ ಅಂಕಪಟ್ಟಿಯಲ್ಲಿ ಅದನ್ನು ತಿದ್ದಲು ಸಿಬಿಎಸ್ಇ ಒಪ್ಪದಿದ್ದಾಗ, 2023ರಲ್ಲಿ ದಿಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಗುರುತಿನ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಇದನ್ನು ಬೆಳಿಗ್ಗೆ ಅಪ್ಪನಿಗೆ ಬಿಡಿಸಿ ಹೇಳಿದೆ. ಅವರಿಗೊಂದೇ ಅಂಜಿಕೆ: "ಸರ್ಟಿಫಿಕೇಟ್ ಸಿಗೂದಿಲ್ಲೇನೋ?" ಜಾತಿ ಪ್ರಮಾಣಪತ್ರ ಕೊಡುವಾಗ ತಂದೆಯ ಜಾತಿ, ಶಾಲೆ ದಾಖಲೆ, ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ವರದಿ ನೋಡುತ್ತಾರೆ, ಅಡ್ಡಹೆಸರಿಗೂ ಅದಕ್ಕೂ ಸಂಬಂಧವಿಲ್ಲ ಎಂದಾಗ ಸಮಾಧಾನವಾಯಿತು.

ಶಾಲೆಗೆ ಹೋದೆ. ಅರ್ಜಿ ಕೊಡುವ ಮೊದಲು ಆ ಮಾಸ್ತರರನ್ನು ಕರೆಸಲು ಹೇಳಿದೆ. "ಚಾಷ್ಟಿಗಂದಿದ್ದೆ ಬಿಡ್ರಿ ಸಾಹೇಬ್ರ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು. "ಕ್ಲಾಸಿನ್ಯಾಗ ಪಾಟೀಲರ ಹುಡುಗನೂ ಇದ್ದಾನಲ್ರಿ. ಅವಗ್ಯಾಕ ಇಂಥಾ ಚಾಷ್ಟಿ ಮಾಡಲಿಲ್ಲ?" ಎಂದು ಕೇಳಿದೆ. ಅವರು ಮೇಜಿನ ಮೇಲಿನ ಹಾಜರಿ ಪುಸ್ತಕ ಸರಿಪಡಿಸುತ್ತಾ ನಿಂತರು. ಹೆಡ್‌ಮಾಸ್ತರರು ನಡುವೆ ಬಂದು, ಹಾಗಾಗಬಾರದಿತ್ತು ಎಂದರು. ತರಗತಿಯಲ್ಲಿ ಅಂದದ್ದನ್ನು ತರಗತಿಯಲ್ಲೇ ತಪ್ಪೆಂದು ಹೇಳಬೇಕು ಎಂದು ಪಟ್ಟು ಹಿಡಿದೆ. ಎರಡು ಮಾತಿನಲ್ಲಿ ಹೇಳಿದರು ಎಂದು ಸಂಜೆ ಮಗನಿಂದ ತಿಳಿಯಿತು.

ಅರ್ಜಿ ತುಂಬಿದವನು ಅವನೇ. ತನ್ನ ಹೆಸರಿನ ಜೊತೆ ಊರ ಹೆಸರು ಬರೆದ. ತಂದೆಯ ಹೆಸರಿನ ಕಾಲಮ್ಮಿನಲ್ಲಿ ನನ್ನ ಹೆಸರನ್ನು ಹಡಪದ ಸಮೇತ ಬರೆದ. ನಾನು ಹೇಳಿಕೊಟ್ಟಿರಲಿಲ್ಲ.

ಮಕ್ಕಳನ್ನು ಅವರವರ ಹೆಸರಿನಿಂದಲೇ ಕರೆಯಬೇಕು, ಅಡ್ಡಹೆಸರು ಕೂಗಬಾರದು ಎಂದು ಹೆಡ್‌ಮಾಸ್ತರರಿಗೊಂದು ಪತ್ರವನ್ನೂ ಕೊಟ್ಟು ಬಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಎದ್ದು ನಿಂತು ಕೇಳುವವನಿದ್ದೇನೆ. ಬಡಿಗೇರರು, ಮಾದರರು ಕೂಡ ಬರುತ್ತೇವೆ ಅಂದಿದ್ದಾರೆ.