ಶಾಂತಲೆ ಹಾರಿದಳಾ?

ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆಯ ಮೇಲೆ ಕೆ.ವಿ. ಅಯ್ಯರ್ ಬರೆದ ಕಾದಂಬರಿ ‘ಶಾಂತಲಾ’ ನನಗೆ ಪ್ರಾಣ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ: ‘ಅವಳು ಶಿವಗಂಗೆ ಬೆಟ್ಟದಿಂದ ಹಾರಿ ಸತ್ತದ್ದು ನಿಜವಾ?’ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಹಾರಿದಳು ಅಂತ ಶಾಸನದಲ್ಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನ ಹೇಳುವುದು ಇಷ್ಟೇ: 1131ರ ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗ ಸೇರಿದಳು. ಮುಡಿಪು ಅಂದರೆ ಹಳಗನ್ನಡದಲ್ಲಿ ಸಾಯುವುದು. ಹೇಗೆ, ಯಾಕೆ ಅನ್ನುವುದಕ್ಕೆ ಒಂದಕ್ಷರವಿಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ ನನಗೆ ಸಿಟ್ಟು. ಒಮ್ಮೆ ಶಿವಗಂಗೆಯ ತುದಿಯಲ್ಲಿ, ಶಾಂತಲಾ ಡ್ರಾಪ್ ಅನ್ನುತ್ತಾರಲ್ಲ, ಅಲ್ಲಿ ಒಬ್ಬರು ಮಗಳಿಗೆ ಹೇಳುತ್ತಿದ್ದರು: ‘ನೋಡು ಪುಟ್ಟಿ, ರಾಣಿಗೆ ಮಕ್ಕಳಿರ್ಲಿಲ್ಲ, ರಾಜ ಇನ್ನೊಂದು ಮದ್ವೆ ಆದ. ಅದಕ್ಕೇ ಇಲ್ಲಿಂದ ಜಂಪ್ ಮಾಡಿದ್ಲು.’ ಆ ‘ಅದಕ್ಕೇ’ ನನ್ನ ಎದೆಗೆ ನಾಟಿತು. ನನಗೂ ಮಕ್ಕಳಿಲ್ಲ. ತಡೆಯಲಾರದೆ, ‘ಸ್ವಾಮಿ, ಅವಳು ಕಟ್ಟಿಸಿದ್ದನ್ನೂ ಒಂದಿಷ್ಟು ಹೇಳಿ’ ಅಂದೆ. ಅವರು ಮಗಳ ಕೈ ಹಿಡಿದು ಆ ಕಡೆ ಹೊರಟೇಬಿಟ್ಟರು.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಅವಳದು. 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಜೈನ ತೀರ್ಥಂಕರ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಅದು ಅವಳದೇ ಬಿರುದು: ಕೊಬ್ಬಿದ ಸವತಿಯರ ಪಾಲಿಗೆ ಮದ್ದಾನೆ! ಸವತಿ ಬಂದಳೆಂದು ಪ್ರಾಣ ಬಿಡುವ ಹೆಂಗಸಿನ ಬಿರುದಾ ಅದು? ಕಾದಂಬರಿಯಲ್ಲಿ ಆ ಸವತಿ ಲಕ್ಷ್ಮಿ ಅವಳ ಜೀವದ ಗೆಳತಿ. ಬಿರುದಿನಲ್ಲಿ ಆನೆ ಘೀಳಿಡುವ ಜಾಗದಲ್ಲಿ ಅಯ್ಯರ್ ಸ್ನೇಹವನ್ನು ಇಟ್ಟರು. ಒಬ್ಬ ಗಂಡನನ್ನು ಇಬ್ಬರು ಗೆಳತಿಯರು ಹೇಗೆ ಹಂಚಿಕೊಂಡು ಬಾಳಬೇಕು ಎನ್ನುವ ಸಂಕಟಕ್ಕೇ ನಾನು ಅತ್ತದ್ದು, ಸಾವಿಗಲ್ಲ. ಮುಂದೆ ಪಟ್ಟಕ್ಕೆ ಬಂದ ನರಸಿಂಹ ಲಕ್ಷ್ಮಿಯ ಮಗ, ಅದು ಇತಿಹಾಸ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಶಾಂತಲೆಯ ಅಮ್ಮ ಏನಾದಳು?

ಅದೇ ಶಾಸನದಲ್ಲಿದೆ. ಅಪ್ಪ ಮಾರಸಿಂಗಯ್ಯ ಶಿವಭಕ್ತ, ಅಮ್ಮ ಮಾಚಿಕಬ್ಬೆ ಜಿನಭಕ್ತೆ. ಎರಡು ದೇವರ ಒಂದು ಮನೆ. ಮಗಳು ಹೋದ ಮೇಲೆ ತಾನಿನ್ನು ಇರಲಾರೆ ಎಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ನೆಂಟರಿಷ್ಟರನ್ನು ಬೀಳ್ಕೊಂಡು, ಅರೆಮುಚ್ಚಿದ ಕಣ್ಣಲ್ಲಿ ಜಿನನನ್ನು ನೆನೆಯುತ್ತ, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಶಾಸನ ಅದನ್ನು ಸಮಾಧಿಮರಣವೆಂದು ಹೊಗಳುತ್ತದೆ, ಹೊಗಳಲಿ. ನನಗೆ ಕಾಣುವುದು ಆ ಮೂವತ್ತು ದಿನ. ಮಗಳನ್ನು ಕಳೆದುಕೊಂಡ ದುಃಖ ಎಲ್ಲಿ ಮುಗಿಯಿತು, ವ್ರತ ಎಲ್ಲಿ ಶುರುವಾಯಿತು? ಬೀಳ್ಕೊಡಲು ಬಂದವರಲ್ಲಿ ಒಬ್ಬರಾದರೂ ‘ಬೇಡ ಕಣವ್ವಾ, ಒಂದು ತುತ್ತು ತಿನ್ನು’ ಅಂದರಾ?