ಆರನೇ ರಿಬ್‌ನ ಹೊಲಿಗೆ

ಹಳೇ ವಿಮಾನ ರಿಪೇರಿ ಮಾಡಿ ಮತ್ತೆ ಹಾರ್ಸೋದು ಅಂದ್ರೆ ಇಂಜಿನ್ನು, ಗ್ರೀಸು, ಸ್ಪ್ಯಾನರು ಅನ್ಕೊಂಡು ನಾನು ಮ್ಯೂಸಿಯಂ ಹ್ಯಾಂಗರ್‌ಗೆ ವಾಲಂಟಿಯರ್ ಆಗಿ ಹೋಗಿದ್ದು. ಕೈಗೆ ಸಿಕ್ಕಿದ್ದು ಸೂಜಿ ದಾರ. ಅದೂ ಅಡಿಯುದ್ದದ ಸೂಜಿ, ಮೇಣ ಹಚ್ಚಿದ ದಾರ.

ವಿಮಾನ ಟೈಗರ್ ಮಾತ್. 1931ರಲ್ಲಿ ಮೊದಲ ಸಲ ಹಾರಿದ್ದು, ಎರಡು ಜೊತೆ ರೆಕ್ಕೆ, 130 ಹಾರ್ಸ್‌ಪವರ್‌ನ ಜಿಪ್ಸಿ ಮೇಜರ್ ಇಂಜಿನ್, ಒಂದು ಕಾಲದಲ್ಲಿ ಅರ್ಧ ಪ್ರಪಂಚದ ಪೈಲಟ್‌ಗಳು ಇದರಲ್ಲೇ ಕಲ್ತಿದ್ದು. ರೆಕ್ಕೆ ಒಳಗಡೆ ಬುಡದಿಂದ ತುದಿವರೆಗೆ ಹೋಗೋ ಮರದ ತೊಲೆ, ಅಂದ್ರೆ ಸ್ಪಾರು, ಅದಕ್ಕೆ ಅಡ್ಡಡ್ಡ ಕೂತು ರೆಕ್ಕೆಗೆ ಆಕಾರ ಕೊಡೋ ಮರದ ಚೌಕಟ್ಟು, ಅಂದ್ರೆ ರಿಬ್ಬು, ಮೇಲೆ ಬಟ್ಟೆ ಅಷ್ಟೇ. ಆಗ ಲಿನನ್ ಹಾಕ್ತಿದ್ರು, ನಮ್ಮದಕ್ಕೆ ಹಾಕಿದ್ದು ಪಾಲಿಯೆಸ್ಟರ್, ಇಸ್ತ್ರಿ ಬಿಸಿ ತಾಗ್ಸಿದ್ರೆ ಅದು ತಾನೇ ಬಿಗಿಯಾಗುತ್ತೆ. ತೆಗೆದ ಹಳೇ ಬಟ್ಟೇನ ಎಸೆಯಲ್ಲ, ಚೀಟಿ ಅಂಟಿಸಿ ಸ್ಟೋರ್‌ಗೆ ಹೋಗುತ್ತೆ, ಮ್ಯೂಸಿಯಂ ಅಲ್ವಾ.

ಬಟ್ಟೆ ಅಂಟಿಸಿದ್ರೆ ಸಾಕಲ್ವಾ, ಹೊಲಿಯೋದ್ಯಾಕೆ ಅಂತ ಮೊದಲ ದಿನವೇ ಕೇಳಿದ್ದೆ. ಸೀನಿಯರ್ ಹೇಳಿದ್ರು, ರೆಕ್ಕೆ ಮೇಲ್ಭಾಗದಲ್ಲಿ ಗಾಳಿ ಒತ್ತಡ ಕಮ್ಮಿ ಆಗುತ್ತೆ ನೋಡು, ಆ ಎಳೆತದಲ್ಲೇ ವಿಮಾನ ಮೇಲೇಳೋದು, ಆದ್ರೆ ಮೊದಲು ಎಳೆಸ್ಕೊಳ್ಳೋದು ಬಟ್ಟೆ, ಅದು ರಿಬ್ ಬಿಟ್ಟು ಬಲೂನಿನ ಥರ ಉಬ್ಬಿದ್ರೆ ರೆಕ್ಕೆ ಆಕಾರವೇ ಹೋಯ್ತು. ಅದಕ್ಕೆ ಒಂದೊಂದು ರಿಬ್‌ಗೂ ಮೇಲಿನ ಬಟ್ಟೆ ಕೆಳಗಿನ ಬಟ್ಟೆ ಸೇರಿಸಿ ಸುತ್ತಿ ಕಟ್ಟೋದು. ಪ್ರತಿ ಹೊಲಿಗೆಗೂ ಬೇರೆ ಗಂಟು, ಒಂದು ಹರಿದ್ರೂ ಪಕ್ಕದ್ದು ಬಿಚ್ಚಬಾರದು. ಪ್ರೊಪೆಲ್ಲರ್ ಗಾಳಿ ಹೊಡೆಯೋ ಜಾಗದಲ್ಲಿ ಇನ್ನೂ ಒತ್ತೊತ್ತಾಗಿ.

ಈ ಕೆಲಸಕ್ಕೆ ಇಬ್ಬರು ಬೇಕು. ರೆಕ್ಕೆನ ಮುಂದಿನ ಅಂಚಿನ ಮೇಲೆ ಗೋಡೆ ಥರ ನಿಲ್ಲಿಸಿರ್ತೀವಿ, ಈ ಕಡೆ ನಾನು, ಆ ಕಡೆ ಸೀನಿಯರ್. ಮುಖ ಕಾಣಲ್ಲ. ನಾನು ಸೂಜಿ ತೂರಿಸ್ತೀನಿ, ಅವರು "ಹ್ಞಾಂ" ಅಂತ ಎಳ್ಕೊಂಡು ರಿಬ್‌ನ ಇನ್ನೊಂದು ಪಕ್ಕದಿಂದ ವಾಪಸ್ ಕಳಿಸ್ತಾರೆ, ನಾನು ಗಂಟು ಹಾಕ್ತೀನಿ. ಜಾಸ್ತಿ ಎಳೆದ್ರೆ ರಿಬ್‌ನ ಮರ ನಲುಗುತ್ತೆ, ಕಮ್ಮಿ ಎಳೆದ್ರೆ ಬಟ್ಟೆ ಕುಣಿಯುತ್ತೆ. ಒಂದೆರಡು ಗಂಟೆ ಆದ್ಮೇಲೆ ಮಾತು ನಿಂತು ಬರೀ "ಹ್ಞಾಂ", "ಬಂತು", "ಹ್ಞಾಂ" ಅಷ್ಟೇ.

ಆವತ್ತು ಎಡಗಡೆಯ ಕೆಳಗಿನ ರೆಕ್ಕೆ. ಐಲರಾನ್ ಅಂದ್ರೆ ವಿಮಾನನ ಪಕ್ಕಕ್ಕೆ ವಾಲಿಸೋಕೆ ರೆಕ್ಕೆ ಹಿಂದಿನ ಅಂಚಲ್ಲಿ ಆಡೋ ಫಲಕ, ಟೈಗರ್ ಮಾತ್‌ಗೆ ಅದು ಇರೋದು ಕೆಳಗಿನ ರೆಕ್ಕೆಗಳಿಗೆ ಮಾತ್ರ, ಅದನ್ನ ಆಡಿಸೋ ಕೇಬಲ್ ರಿಬ್‌ಗಳನ್ನ ದಾಟ್ಕೊಂಡು ರೆಕ್ಕೆ ಒಳಗೇ ಹೋಗುತ್ತೆ. ಆರನೇ ರಿಬ್ ಮುಗಿಸಿ ನಂಗೆ ಒಳಗೊಳಗೇ ಖುಷಿ, ಗಂಟುಗಳೆಲ್ಲ ಸಾಲಾಗಿ ಸ್ಕೇಲ್ ಇಟ್ಟಂಗೆ ಬಂದಿದ್ವು. ಸೀನಿಯರ್‌ಗೆ ಒಂದು ಅಭ್ಯಾಸ, ರಿಬ್ ಮುಗಿದಾಗೆಲ್ಲ ರೆಕ್ಕೆ ಬುಡಕ್ಕೆ ಹೋಗಿ ಅಲ್ಲಿ ಹೊರಗೆ ಇಳಿಬಿದ್ದಿರೋ ಕೇಬಲ್ ತುದಿ ಹಿಡಿದು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಎಳೆಯೋದು. ಸುಮ್ನೆ ಹಳೇ ಚಾಳಿ ಅನ್ಕೊಂಡಿದ್ದೆ.

ಈ ಸಲ ಅವರು ಎಳೆದಾಗ ನನ್ನ ಮುಂದಿನ ಬಟ್ಟೆ ಸಣ್ಣಗೆ ಮಿಡುಕ್ತು. ಕೇಬಲ್ ಎಳೆದ್ರೆ ಬಟ್ಟೆ ಯಾಕೆ ಅಲ್ಲಾಡ್ಬೇಕು?

"ಸರ್, ಇನ್ನೊಂದ್ಸಲ ಎಳೀರಿ." ಮತ್ತೆ ಮಿಡುಕ್ತು. ಅವರು ಮಾತಾಡ್ದೆ ಲೈಟ್ ತಂದು ಆ ಕಡೆಯಿಂದ ಹಿಡಿದ್ರು. ಇನ್ನೂ ಸಿಲ್ವರ್ ಕೋಟ್ ಹೊಡೆದಿರ್ಲಿಲ್ಲ, ಡೋಪ್, ಅಂದ್ರೆ ಬಟ್ಟೆಗೆ ಬಳಿಯೋ ವಾರ್ನಿಷ್ ಥರದ್ದು, ತೆಳ್ಳಗೆ ಒಂದೇ ಕೋಟ್ ಇದ್ದಿದ್ದು, ಹಾಗಾಗಿ ರೆಕ್ಕೆ ಎಕ್ಸ್‌ರೇ ಥರ ಕಾಣ್ತು, ರಿಬ್‌ಗಳ ನೆರಳು, ಮಧ್ಯೆ ಅಡ್ಡಕ್ಕೆ ಕೇಬಲ್‌ನ ಗೆರೆ. ಒಂದು ಹೊಲಿಗೆ ಕೇಬಲ್‌ನ ಮುಂದಿನಿಂದ ಹೋಗಿ ಹಿಂದಿನಿಂದ ವಾಪಸ್ ಬಂದಿತ್ತು. ಅಂದ್ರೆ ಕಂಟ್ರೋಲ್ ಕೇಬಲ್ಲನ್ನ ದಾರ ಅಪ್ಕೊಂಡು ಕೂತಿತ್ತು.

ಹೊಟ್ಟೆಯೊಳಗೆ ತಣ್ಣಗಾಯ್ತು. ಬರೀ ನಿಲ್ಲಿಸಿ ತೋರ್ಸೋ ವಿಮಾನ ಆಗಿದ್ರೆ ಆ ಹೊಲಿಗೆ ಎಷ್ಟು ವರ್ಷ ಹಾಗೇ ಇದ್ರೂ ಯಾರಿಗೂ ಏನೂ ಆಗ್ತಿರ್ಲಿಲ್ಲ, ನೋಡೋರು ಎಷ್ಟು ಚೆಂದ ಹೊಲಿದಿದಾರೆ ಅಂತಿದ್ರು. ಇದು ಹಾರೋದು. ಮೇಲೆ ಹೋಗಿ ಪೈಲಟ್ ಸ್ಟಿಕ್ ಪಕ್ಕಕ್ಕೆ ತಳ್ಳಿದಾಗೆಲ್ಲ ಕೇಬಲ್ ದಾರನ ಉಜ್ಜುತ್ತಾ ಇರುತ್ತೆ, ದಾರ ಹರಿದ್ರೆ ಬಟ್ಟೆ ಸಡಿಲ, ಹರೀದೆ ಹಿಡ್ಕೊಂಡ್ರೆ ಇನ್ನೂ ಕೆಟ್ಟದ್ದು. ಅಂದಹಾಗೆ ಇಂಗ್ಲೆಂಡಿನ ಶಟಲ್‌ವರ್ತ್ ಕಲೆಕ್ಷನ್ ಅನ್ನೋ ಮ್ಯೂಸಿಯಂನಲ್ಲಿ 1909ರ ಬ್ಲೇರಿಯೋ ವಿಮಾನ ಇದೆ, ಈ ಕಾಲದಲ್ಲೂ ಅದನ್ನ ರನ್‌ವೇ ಮೇಲೆ ಸಣ್ಣ ಸಣ್ಣ ಹಾರಾಟಕ್ಕೆ ಎಬ್ಬಿಸಿದಾರೆ. ಮೊದಲೆಲ್ಲ ಅಷ್ಟು ಹಳೇದನ್ನ ಹಾರ್ಸಿದ ಧೈರ್ಯ ನೋಡಿ ಅಬ್ಬಾ ಅನ್ಸೋದು, ಈಗ ಅದರ ಒಳಗಿನ ದಾರ, ತಂತಿ ಎಲ್ಲ ಎಷ್ಟು ಸಲ ಯಾರ್ಯಾರು ನೋಡಿರ್ಬೋದು ಅನ್ಸುತ್ತೆ.

ಸೂಜಿ ಕಳಿಸಿದ್ದು ನಾನು, ವಾಪಸ್ ಕೊಟ್ಟಿದ್ದು ಅವರು. ಓರೆಯಾಗಿದ್ದು ಯಾರ ಕೈಯಲ್ಲಿ ಅಂತ ಇವತ್ತಿಗೂ ಗೊತ್ತಿಲ್ಲ, ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. "ಕತ್ತರಿ ಕೊಡು" ಅಂದ್ರು ಅಷ್ಟೇ. ಆ ಒಂದನ್ನ ಮಾತ್ರ ಬಿಚ್ಚೋಣ್ವಾ ಸರ್ ಅಂದೆ, ದಾರ ಒಂದೇ ಎಳೆ ಕಣಪ್ಪಾ ಅಂದು ಇಡೀ ರಿಬ್ ಬಿಚ್ಚಿಸಿದ್ರು. ಬೆಳಗ್ಗೆಯಿಂದ ಹಾಕಿದ ಚೆಂದದ ಗಂಟುಗಳು ನೆಲದ ಮೇಲೆ. ಕೇಬಲ್ ಬಿಚ್ಚಿ ಹೊರಗೆಳೆದು ಬಟ್ಟೆ ತುಂಡು ಸುತ್ತಿ ಉಜ್ಜಿದ್ವಿ, ಕೇಬಲ್‌ನ ತಂತಿ ಎಳೆ ಎಲ್ಲಾದ್ರೂ ಕಿತ್ತಿದ್ರೆ ಬಟ್ಟೆಗೆ ಸಿಕ್ಕಾಕೊಳ್ಳುತ್ತೆ, ಏನೂ ಸಿಗ್ಲಿಲ್ಲ. ಆಮೇಲೆ ವರ್ಕ್‌ಶೀಟ್‌ನಲ್ಲಿ ಆದದ್ದನ್ನ ಆದಂಗೆ ಬರೀಬೇಕು, ಕಂಟ್ರೋಲ್ ವಿಷಯ ಆದ್ದರಿಂದ ಇನ್ನೊಬ್ಬರು ಬಂದು ಬೇರೆಯಾಗಿ ನೋಡಿ ಸೈನ್ ಹಾಕ್ಬೇಕು. ನನ್ನ ಕೈಯಲ್ಲೇ ಬರೆಸಿದ್ರು. ಎರಡೇ ಸಾಲು, ಬರೆಯೋಕೆ ಕಾಲು ಗಂಟೆ ಹಿಡೀತು.

ಸಂಜೆ ಅದೇ ರಿಬ್ ಮತ್ತೆ ಶುರು ಮಾಡಿದ್ವಿ. ಸೂಜಿ ತೂರಿಸಿದೆ. ಆ ಕಡೆಯಿಂದ "ಹ್ಞಾಂ" ಬರ್ಲಿಲ್ಲ.

"ಕೇಬಲ್‌ನ ಯಾವ ಪಕ್ಕ?"

"ಹಿಂದೆ, ಸರ್."

"ಹ್ಞಾಂ."