ಲೋಡ್ ಇಲ್ಲದೆ ಅಳೆದ ಮೈನಸ್ 5 ವೋಲ್ಟ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಘಟಕದಲ್ಲಿ ವಾಹನಗಳ ತೂಕ ತೋರಿಸುವ ವೇಬ್ರಿಡ್ಜ್ ಇಂಡಿಕೇಟರ್‌ಗಳನ್ನು ತಯಾರಿಸುತ್ತೇವೆ. ಭಾರವನ್ನು ವೋಲ್ಟೇಜ್ ಆಗಿಸುವ ಲೋಡ್ ಸೆಲ್ ಕೊಡುವ ಕೆಲವೇ ಮಿಲಿವೋಲ್ಟ್‌ಗಳನ್ನು ಹಿಗ್ಗಿಸುವ ಓಪಿ07 ಆಪ್-ಆಂಪ್‌ನ ಔಟ್‌ಪುಟ್ ತನ್ನ ನೆಗೆಟಿವ್ ಸಪ್ಲೈಗಿಂತ ಸುಮಾರು 2 ವೋಲ್ಟ್ ಮೇಲೆಯೇ ನಿಂತುಬಿಡುತ್ತದೆ. ತಟ್ಟೆ ಖಾಲಿಯಿರುವಾಗ ಅದು ಸೊನ್ನೆಗೆ ಇಳಿಯಬೇಕಾದರೆ ಕೆಳಗೊಂದು ಮೈನಸ್ ವೋಲ್ಟೇಜ್ ಇರಲೇಬೇಕು. ನಮಗೆ ಸಿಗುವುದು 12 ವೋಲ್ಟ್ ಬ್ಯಾಟರಿ ಮಾತ್ರ. ಪ್ಲಸ್ ವೋಲ್ಟೇಜನ್ನು ಮೈನಸ್ ಆಗಿಸುವ 7660 ಚಿಪ್ ತಾಳುವುದು 10 ವೋಲ್ಟ್. ಹಾಗಾಗಿ 5 ವೋಲ್ಟಿಗೆ ಇಳಿಸಿ, 7660 ಮತ್ತು ಎರಡು 10 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್‌ಗಳಿಂದ ಮೈನಸ್ 5 ಮಾಡಿಕೊಳ್ಳುತ್ತೇವೆ.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಬಂದ ದೂರು ವಿಚಿತ್ರವಾಗಿತ್ತು. ಟ್ರ್ಯಾಕ್ಟರ್‌ನಲ್ಲಿ ಕಬ್ಬು ತಂದವರು ತೂಕ ಕಡಿಮೆ ಬರುತ್ತಿದೆ ಎನ್ನುತ್ತಿದ್ದರು, ಲಾರಿಯವರದ್ದು ಯಾವ ತಕರಾರೂ ಇರಲಿಲ್ಲ. ಯಾರ್ಡ್‌ನಲ್ಲಿ ಸಾಲು ಬೆಳೆದಿತ್ತು. ತಗಡಿನ ಚಾವಣಿಯ ಕ್ಯಾಬಿನ್ ಕಾದು ಹೋಗಿತ್ತು. ನಾನು ಮೊದಲು ಲಾರಿಯನ್ನೇ ತೂಗಿಸಿದೆ. ನಿವ್ವಳ ತೂಕ ಸರಿಯಾಗಿಯೇ ಬಂತು. ಬೋರ್ಡ್ ತೆರೆದು, ಆಂಪ್ಲಿಫಯರ್ ಕಾರ್ಡಿನ ಕನೆಕ್ಟರ್ ಕಳಚಿ, ಅಂದರೆ ಕರೆಂಟ್ ಎಳೆಯುವ ಲೋಡ್ ಇಲ್ಲದೆ, 7660ರ 5ನೇ ಪಿನ್ನಿಗೆ ಮೀಟರ್ ಹಿಡಿದಾಗ ಮೈನಸ್ 4.95 ತೋರಿಸಿತು. ಸಪ್ಲೈ ಚೆನ್ನಾಗಿದೆ ಎಂದು ತೀರ್ಮಾನಿಸಿ, ಲೋಡ್ ಸೆಲ್ ತಂತಿಗಳು ಸೇರುವ ಜಂಕ್ಷನ್ ಬಾಕ್ಸ್‌ನ ಕಡೆಗೆ ಹೊರಟೆ. ಬಿಸಿಲಿನಲ್ಲಿ ಅದರ ಒಂದೊಂದು ತಂತಿಯನ್ನೂ ಪರೀಕ್ಷಿಸುತ್ತಿದ್ದಾಗ ಹಿರಿಯ ರೈತರೊಬ್ಬರು ಪಕ್ಕಕ್ಕೆ ಬಂದು, “ನಿಮ್ಮ ಮಿಷನ್ನು ಏನಾರ ಹೇಳ್ಲಿ ಸ್ವಾಮಿ, ನಮ್ಮ ಗದ್ದೆ ಕಬ್ಬು ಎಷ್ಟು ತೂಗ್ತದೆ ಅಂತ ನಂಗೊತ್ತು” ಎಂದರು. ಅವರ ಮಾತು ನಿಜವಾಗಿತ್ತು.

ಜಂಕ್ಷನ್ ಬಾಕ್ಸ್‌ನಲ್ಲಿ ಏನೂ ಸಿಗದೆ ಕ್ಯಾಬಿನ್‌ಗೆ ಮರಳಿ, ಮೀಟರಿನ ಕಡ್ಡಿಯನ್ನು ಪಿನ್ನಿನ ಮೇಲೆಯೇ ಒತ್ತಿಹಿಡಿದು ಕನೆಕ್ಟರ್ ಸಿಕ್ಕಿಸಿದೆ. ಮೈನಸ್ 4.95 ಇದ್ದದ್ದು ಕಣ್ಣೆದುರಿಗೇ ಮೈನಸ್ 1.9ಕ್ಕೆ ಕುಸಿಯಿತು.

7660 ಒಂದು ಚಾರ್ಜ್ ಪಂಪ್. ಚಾರ್ಜ್ ಪಂಪ್ ಎಂದರೆ ಬಿಂದಿಗೆಯಲ್ಲಿ ನೀರು ಹೊತ್ತು ತೊಟ್ಟಿ ತುಂಬಿಸುವ ಕೆಲಸ. ತೊಟ್ಟಿಯಿಂದ ಯಾರೂ ಮೊಗೆಯದಿದ್ದರೆ ಬಿಂದಿಗೆ ಎಷ್ಟೇ ಚಿಕ್ಕದಾದರೂ ತೊಟ್ಟಿ ತುಂಬಿಯೇ ಕಾಣುತ್ತದೆ. ಸುಸ್ಥಿತಿಯ 7660ರ ಔಟ್‌ಪುಟ್ ರೋಧ ಸುಮಾರು 55 ಓಮ್. ನಮ್ಮ ಆಪ್-ಆಂಪ್‌ಗಳು ಎಳೆಯುವ 8 ಮಿಲಿಆಂಪಿಯರ್‌ಗೆ ಅರ್ಧ ವೋಲ್ಟ್ ಕೂಡ ಬೀಳಬಾರದು. ಚಾರ್ಜ್ ಹೊರುವ ಕೆಪ್ಯಾಸಿಟರ್ ಒಣಗಿ ಅರ್ಧ ಮೈಕ್ರೊಫ್ಯಾರಡ್‌ಗೆ ಇಳಿದರೆ, ಪಂಪ್ ಓಡುವ 5 ಕಿಲೋಹರ್ಟ್ಸ್‌ನಲ್ಲಿ ಅದೊಂದೇ 400 ಓಮ್ ಆಗುತ್ತದೆ. ಅದರ ಆಂತರಿಕ ರೋಧವಂತೂ ಲೆಕ್ಕದಲ್ಲಿ ನಾಲ್ಕು ಪಟ್ಟಾಗಿ ಸೇರುತ್ತದೆ.

ಮೈನಸ್ 1.9ರ ಮೇಲೆ 2 ವೋಲ್ಟಿಗೂ ತುಸು ಹೆಚ್ಚು ಸೇರಿಸಿದರೆ, ಆಪ್-ಆಂಪ್ 0.3 ವೋಲ್ಟ್‌ಗಿಂತ ಕೆಳಗಿಳಿಯದು. 60 ಟನ್‌ಗೆ 4 ವೋಲ್ಟ್ ಇರುವ ನಮ್ಮ ಮಾಪನದಲ್ಲಿ ಅದು 4.5 ಟನ್. ಆಫ್ ಆಗಿ ಮತ್ತೆ ಆನ್ ಆದಾಗ ಇಂಡಿಕೇಟರ್ ಆ 4.5 ಟನ್ನನ್ನೇ ಸೊನ್ನೆ ಎಂದು ಹಿಡಿದುಕೊಂಡಿತ್ತು. 6 ಟನ್‌ಗಿಂತ ಭಾರವಾದ ಖಾಲಿ ಲಾರಿಗೆ, ಖಾಲಿ ಮತ್ತು ತುಂಬಿದ ಎರಡೂ ತೂಕದಲ್ಲಿ ಅಷ್ಟೇ ಕಳೆದುಹೋಗುವುದರಿಂದ ನಿವ್ವಳ ಸರಿ. ಆದರೆ ಖಾಲಿಯಿದ್ದಾಗ 4 ಟನ್ ಇರುವ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸೊನ್ನೆ ತೋರಿಸುತ್ತವೆ, ಕಬ್ಬು ಹೊತ್ತು ಒಟ್ಟು 12 ಟನ್ ಆಗಿ ಬಂದಾಗ 7.5 ತೋರಿಸುತ್ತವೆ, ಪ್ರತಿ ಲೋಡಿಗೂ ರೈತನ ಅರ್ಧ ಟನ್ ಕಬ್ಬು ಕಾಗದದ ಮೇಲೆ ಕಾಣೆಯಾಗುತ್ತದೆ. ಆ ಚೀಟಿಗಳನ್ನು ಟ್ರ್ಯಾಕ್ಟರುಗಳ ಹಿಂದಿನ ಖಾಲಿ ತೂಕದ ದಾಖಲೆಯಿಂದ ಮರುಲೆಕ್ಕ ಮಾಡಬೇಕೆಂದು ಸರ್ವಿಸ್ ವರದಿಯಲ್ಲೇ ಬರೆದು ಸಹಿ ಹಾಕಿಸಿಕೊಂಡೆ.

ಡ್ರಾಯಿಂಗ್‌ನಲ್ಲಿ ನಾವು ಕೇಳಿದ್ದು 105 ಡಿಗ್ರಿ ಶಾಖ ತಾಳುವ ಕೆಪ್ಯಾಸಿಟರ್, ಬೋರ್ಡಿನಲ್ಲಿ ಕೂತು ಒಣಗಿದ್ದು 85 ಡಿಗ್ರಿಯದ್ದು. ಪರ್ಚೇಸ್ ವಿಭಾಗ ನಮ್ಮನ್ನು ಕೇಳದೆಯೇ ‘ಸಮಾನ’ ಎಂದು ಬದಲಿಸಿತ್ತು. ಇಂಥ ಬದಲಾವಣೆಗೆ ಡಿಸೈನ್ ವಿಭಾಗದ ಸಹಿ ಬೇಕೆಂದು ನಾವು ಹಿಂದೆಯೂ ಕೇಳಿದ್ದೆವು, ಈಗಲೂ ಕೇಳುತ್ತಿದ್ದೇವೆ. ಮೀಟಿಂಗ್‌ನಲ್ಲಿ ಒಬ್ಬರು, ಇದರ ಬದಲು 7905 ಹಾಕಿದರೆ ಸಾಲದೇ ಎಂದರು. 7905 ಇರುವ ಮೈನಸ್ ವೋಲ್ಟೇಜನ್ನು ಸ್ಥಿರಗೊಳಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಇದನ್ನು ಬಿಡಿಸಿ ಹೇಳುವುದಕ್ಕೇ ಸಾಕಷ್ಟು ಹೊತ್ತು ಹೋಯಿತು.

ಈಗ ಎರಡೂ ಜಾಗದಲ್ಲಿ 22 ಮೈಕ್ರೊಫ್ಯಾರಡ್, 25 ವೋಲ್ಟ್‌ನ ಎಕ್ಸ್7ಆರ್ ಸೆರಾಮಿಕ್ ಕೆಪ್ಯಾಸಿಟರ್ ಇದೆ. ಮೈನಸ್ ಸಪ್ಲೈಯನ್ನು ಎರಡು ರೆಸಿಸ್ಟರ್‌ಗಳ ಮೂಲಕ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಯ ಖಾಲಿ ಚಾನೆಲ್‌ಗೆ ಕೊಟ್ಟಿದ್ದೇವೆ. ಅದು ಮೈನಸ್ 4ಕ್ಕೂ ಇಳಿಯದಿದ್ದರೆ ಇಂಡಿಕೇಟರ್ ತೂಕ ತೋರಿಸುವುದನ್ನೇ ನಿಲ್ಲಿಸುತ್ತದೆ. ಸರ್ವಿಸ್ ಕರೆಗಳು ಹೆಚ್ಚುತ್ತವೆ ಎಂಬ ಆಕ್ಷೇಪ ಬಂತು. ಕರೆ ಬರಲಿ, ತಪ್ಪು ತೂಕ ಹೋಗಬಾರದು ಎಂದು ನಾನು ಪಟ್ಟು ಹಿಡಿದೆ. ಟೆಸ್ಟ್ ಬೆಂಚಿನಲ್ಲಿ 5ನೇ ಪಿನ್ನಿಗೂ ಗ್ರೌಂಡಿಗೂ ನಡುವೆ 470 ಓಮ್ ರೆಸಿಸ್ಟರ್ ಸೇರಿಸಿಯೇ ಅಳೆಯುತ್ತಾರೆ, ಮೈನಸ್ 4.1ನ್ನು ಮುಟ್ಟದ ಬೋರ್ಡ್ ಪ್ಯಾಕಿಂಗ್‌ಗೆ ಹೋಗುವುದಿಲ್ಲ.